ರಿಪೋರ್ಟಿನಲ್ಲಿ ‘ಬೈಲ್ ರಿಫ್ಲಕ್ಸ್’ ಅಂತ ಉಂಟು: ಇದು ಆ್ಯಸಿಡ್ ರಿಫ್ಲಕ್ಸಿಗಿಂತ ಹೇಗೆ ಬೇರೆ?

ಪೆರಡಾಲ ಹೊಳೆಬದಿ (ಬದಿಯಡ್ಕ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಮಂಗಳೂರಿನಲ್ಲಿ ಎಂಡೋಸ್ಕೋಪಿ ಆಯಿತು. ರಿಪೋರ್ಟಿನಲ್ಲಿ ಮೂರು ಸಂಗತಿ ಬರೆದಿದ್ದಾರೆ: ಅನ್ನನಾಳದಲ್ಲಿ ಎಲ್‌ಎ ಗ್ರೇಡ್ ಎ ಈಸೋಫಜೈಟಿಸ್ (ಅನ್ನನಾಳದ ಉರಿಯೂತ), ಜಠರದಲ್ಲಿ ಬೈಲ್ ರಿಫ್ಲಕ್ಸ್ (ಪಿತ್ತ ಹಿಂದಕ್ಕೆ ಬರುವುದು), ಆಂಟ್ರಲ್ ಗ್ಯಾಸ್ಟ್ರೈಟಿಸ್ (ಜಠರದ ಕೆಳಭಾಗದ ಉರಿಯೂತ). ಬಯಾಪ್ಸಿಗೆ ಪೊರೆಯ ಸಣ್ಣ ಚೂರು ತೆಗೆದಿದ್ದಾರೆ, ಫಲಿತಾಂಶ ಬರಬೇಕಷ್ಟೆ.

ಕಲ್ಲು ಇದ್ದ ಕಾರಣ ಪಿತ್ತಕೋಶ ಮೊದಲೇ ತೆಗೆದಾಗಿದೆ. ಶುಗರಿಗೆ ಮೆಟ್‌ಫಾರ್ಮಿನ್, ಮೊಣಕಾಲು ನೋವಿಗೆ ಆಗಾಗ ಡೈಕ್ಲೋಫೆನಾಕ್, ಜೊತೆಗೆ ಪ್ಯಾಂಟೊಪ್ರಜೋಲ್ 40 ಇರುವ ಡಿಎಸ್‌ಆರ್ ಕ್ಯಾಪ್ಸೂಲ್ ತಿಂಡಿ ಆದ ಮೇಲೆ ತೆಗೆದುಕೊಳ್ತಾರೆ. ಎದೆಯುರಿ ಸ್ವಲ್ಪ ಕಡಿಮೆಯಾಗಿದೆ. ಆದರೆ ಹೊಕ್ಕುಳಿಂದ ಮೇಲೆ ನಡುಮಧ್ಯದ ಉರಿ ಮತ್ತು ಬೆಳಿಗ್ಗೆ ಬಾಯಿ ಕಹಿಯಾಗುವುದು ಹಾಗೆಯೇ ಉಂಟು. ಊರಿನಲ್ಲಿ ಕೇಳಿದರೆ ಎಲ್ಲರೂ ‘ಗ್ಯಾಸ್ಟ್ರಿಕ್’ ಅಂತ ಒಂದೇ ಮಾತು ಹೇಳ್ತಾರೆ. ಆಮ್ಲ ಮೇಲೆ ಬರುವುದು, ಪಿತ್ತ ಮೇಲೆ ಬರುವುದು ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? ಮದ್ದು ಬೇರೆಯೇ ಬೇಕಾ?

ಕಣಿಪುರ (ಕುಂಬಳೆ)

ಮೊದಲು ಜಾಗ ಸರಿಯಾಗಿ ಗೊತ್ತಾದರೆ ಅರ್ಧ ಗೊಂದಲ ಅಲ್ಲಿಗೇ ಮುಗೀತದೆ. ಜಠರಕ್ಕೆ ಎರಡು ಬಾಗಿಲು. ಮೇಲಿನದ್ದು ಅನ್ನನಾಳ ಬಂದು ಸೇರುವಲ್ಲಿ; ಕೆಳಗಿನದ್ದು, ಅಂದರೆ ಪೈಲೋರಸ್, ಜಠರ ಮುಗಿದು ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ ಶುರುವಾಗುವಲ್ಲಿ. ಆಮ್ಲ ತಯಾರಾಗುವುದು ಜಠರದೊಳಗೇ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು. ಅದು ಬಂದು ಬೀಳುವುದು ಡ್ಯುವೋಡಿನಮ್ಮಿಗೆ, ಅಂದರೆ ಕೆಳಬಾಗಿಲಿನ ಆಚೆಗೆ. ಹಾಗಾಗಿ ಆಮ್ಲ ಎದೆಗೆ ಬರಲಿಕ್ಕೆ ಮೇಲಿನ ಬಾಗಿಲೊಂದು ಸಡಿಲವಾದರೆ ಸಾಕು. ಪಿತ್ತ ಎದೆಯವರೆಗೆ ಬರಬೇಕಾದರೆ ಎರಡೂ ಬಾಗಿಲು ದಾಟಬೇಕು. ಕೆಳಬಾಗಿಲು ಮಾತ್ರ ದಾಟಿ ಜಠರದಲ್ಲೇ ನಿಂತರೆ ಎದೆಯುರಿಯೇ ಇಲ್ಲದೆ ಹೊಟ್ಟೆಯ ಮೇಲ್ಭಾಗ ಮಾತ್ರ ಉರೀತದೆ.

ಪಿತ್ತರಸ ಆಮ್ಲವಲ್ಲ, ಸ್ವಲ್ಪ ಕ್ಷಾರದ ಕಡೆಗೆ ಇರುವಂಥದ್ದು. ಕೊಬ್ಬನ್ನು ಕರಗಿಸುವ ಪಿತ್ತಲವಣಗಳು ಅದರಲ್ಲಿವೆ. ಜಠರದ ಒಳಪೊರೆಯ ಮೇಲಿನ ಲೋಳೆಯನ್ನೂ ಅವು ಕರಗಿಸ್ತವೆ. ಲೋಳೆ ಹೋದ ಜಾಗಕ್ಕೆ ಆಮ್ಲ ತಾಗಿದರೆ ಪೆಟ್ಟು ಎರಡು ಪಟ್ಟು. ಅದಕ್ಕೇ ಆಮ್ಲ, ಪಿತ್ತ ಎರಡೂ ಸೇರಿ ಅನ್ನನಾಳಕ್ಕೆ ಬಂದರೆ ಒಂದೊಂದೇ ಬರುವುದಕ್ಕಿಂತ ಹಾನಿ ಜಾಸ್ತಿ. ಹೆಚ್ಚಿನವರಲ್ಲಿ ಇವು ಜೊತೆಯಾಗಿಯೇ ಇರ್ತವೆ. ‘ಇದಾ, ಅದಾ’ ಅಂತ ಕೇಳುವ ಬದಲು ‘ಯಾವುದು ಎಷ್ಟು’ ಅಂತ ಕೇಳುವುದು ಸರಿ.

ಲಕ್ಷಣ ನೋಡಿ ಅಂದಾಜು ಮಾಡಬಹುದು, ತೀರ್ಪು ಕೊಡಲಿಕ್ಕಾಗುವುದಿಲ್ಲ. ಆಮ್ಲವಾದರೆ ಎದೆಮೂಳೆಯ ಹಿಂದೆ ಉರಿ, ಹುಳಿತೇಗು, ಊಟವಾಗಿ ಮಲಗಿದಾಗ ಅಥವಾ ಬಗ್ಗಿದಾಗ ಜೋರು. ಆಂಟಾಸಿಡ್ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ತಣ್ಣಗಾಗ್ತದೆ. ಪಿತ್ತವಾದರೆ ಹೊಟ್ಟೆಯ ಮೇಲ್ಭಾಗದಲ್ಲಿ ಕೊರೆಯುವ ಉರಿ, ಓಕರಿಕೆ, ಕೆಲವೊಮ್ಮೆ ಹಳದಿ-ಹಸಿರು ವಾಂತಿ. ಆಂಟಾಸಿಡ್ಡಿಗೆ ಅಷ್ಟಾಗಿ ಬಗ್ಗುವುದಿಲ್ಲ. ವಾಂತಿ ಆದ ಮೇಲೂ ಉರಿ ಇಳಿಯದೇ ಇರುವುದು ಜಠರದ ಆಪರೇಷನ್ ಆದವರಲ್ಲಿ ಪಿತ್ತದ ಕಡೆಗೆ ಬೆರಳು ತೋರಿಸುವ ಗುರುತು.

ಬಾಯಿ ಕಹಿಯಾಯಿತು ಎಂದ ಮಾತ್ರಕ್ಕೆ ಪಿತ್ತ ಬಂತೆಂದು ತಿಳಿಯಬೇಡಿ. ಮೆಟ್‌ಫಾರ್ಮಿನ್ನಿಗೂ ಬಾಯಿ ರುಚಿ ಕೆಡ್ತದೆ, ಮೆಟ್ರೋನಿಡಜೋಲ್, ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ಕುಗಳಿಗೂ ಹಾಗೆಯೇ. ನಾಲ್ಕೈದು ಸಲ ವಾಂತಿಯಾಗಿ ಜಠರ ಖಾಲಿಯಾದ ಮೇಲೆ ಹಸಿರು ನೀರು ಬರುವುದು ಯಾರಿಗಾದರೂ ಸಹಜ.

ಪಯಸ್ವಿನಿ (ಮುಳ್ಳೇರಿಯ)

ರಿಪೋರ್ಟಿನ ಬಗ್ಗೆ ನಾನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕೆಂದರೆ ಆ ಒಂದು ಸಾಲು ಓದಿ ಹೆದರುವವರೇ ಜಾಸ್ತಿ.

‘ಜಠರದಲ್ಲಿ ಪಿತ್ತ ಕಂಡಿತು’ ಎನ್ನುವುದು ಆ ಕ್ಷಣದ ನೋಟ. ಟ್ಯೂಬು ಗಂಟಲಿಗೆ ಇಳಿಯುವಾಗ ಓಕರಿಸಿದರೆ ಡ್ಯುವೋಡಿನಮ್ಮಿನಿಂದ ಪಿತ್ತ ಹಿಂದಕ್ಕೆ ಚಿಮ್ಮಿ ಜಠರದಲ್ಲಿ ಕೆರೆ ಕಟ್ಟಿ ನಿಲ್ತದೆ. ಖಾಲಿ ಹೊಟ್ಟೆಯಲ್ಲಿ ಸ್ವಲ್ಪ ಪಿತ್ತ ಆಚೀಚೆ ಆಗುವುದು ಆರೋಗ್ಯವಂತರಲ್ಲೂ ಉಂಟು. ಹಾಗಾಗಿ ಬಣ್ಣ ಕಂಡದ್ದು ರೋಗವಲ್ಲ. ಪೊರೆಗೆ ಪೆಟ್ಟಾಗಿದೆಯಾ ಎನ್ನುವುದು ಮುಖ್ಯ. ಅದನ್ನು ಹೇಳುವುದು ಬಯಾಪ್ಸಿ.

ಪಿತ್ತದ ಪೆಟ್ಟಿಗೆ ಬಯಾಪ್ಸಿಯಲ್ಲಿ ಸಾಮಾನ್ಯವಾಗಿ ‘ರಿಯಾಕ್ಟಿವ್’ ಅಥವಾ ‘ಕೆಮಿಕಲ್ ಗ್ಯಾಸ್ಟ್ರೋಪತಿ’ ಅಂತ ಬರೀತಾರೆ. ಪೊರೆಯ ಗುಳಿಗಳು ಉದ್ದವಾಗಿ ಸುರುಳಿ ಸುತ್ತಿಕೊಂಡಿರ್ತವೆ, ಉರಿಯೂತದ ಕೋಶಗಳು ಮಾತ್ರ ಕಡಿಮೆ. ಆದರೆ ಇಲ್ಲೊಂದು ಮುಖ್ಯ ಸಂಗತಿ: ನೋವಿನ ಮಾತ್ರೆಯಿಂದಲೂ ಸೂಕ್ಷ್ಮದರ್ಶಕದ ಕೆಳಗೆ ಇದೇ ಚಿತ್ರ ಕಾಣ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆ್ಯಸ್ಪಿರಿನ್, ಎಲ್ಲವೂ. ನಿಮ್ಮ ಅಮ್ಮನ ವಿಷಯದಲ್ಲಿ ಎರಡೂ ಕಾರಣ ಇವೆ: ಪಿತ್ತಕೋಶ ಇಲ್ಲ, ಡೈಕ್ಲೋಫೆನಾಕ್ ಉಂಟು. ಡಾಕ್ಟರಿಗೆ ಮೊಣಕಾಲಿನ ಮಾತ್ರೆಯ ವಿಷಯ ಹೇಳದಿದ್ದರೆ ಅವರು ಬರೀ ಪಿತ್ತದ ಮೇಲೆಯೇ ಹೊರೆ ಹಾಕಿಯಾರು. ನೋವಿಗೆ ಪ್ಯಾರಸಿಟಮಾಲ್ ಆಗ್ತದಾ, ಹಚ್ಚುವ ಜೆಲ್ ಸಾಕಾ ಅಂತ ಕೇಳಿ. ನನ್ನ ಪ್ರಕಾರ ಬೇರೆ ಮದ್ದು ಸೇರಿಸುವ ಮೊದಲು ಮಾಡಬೇಕಾದ ಕೆಲಸ ಇದು.

ಬಯಾಪ್ಸಿಯಲ್ಲಿ ಎಚ್. ಪೈಲೋರಿ (ಜಠರದಲ್ಲಿ ನೆಲೆಸಿ ಅಲ್ಸರ್ ತರುವ ಬ್ಯಾಕ್ಟೀರಿಯಾ) ಇದೆ ಅಂತ ಬಂದರೆ ಅದರ ದಾರಿಯೇ ಬೇರೆ. ಆ್ಯಂಟಿಬಯಾಟಿಕ್ ಕೋರ್ಸ್ ಪೂರ್ತಿ ಮಾಡಬೇಕು. ‘ಇಲ್ಲ’ ಅಂತ ಬಂದರೂ ಒಂದು ಮಾತು ನೆನಪಿರಲಿ: ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿರುವಾಗ ಆ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ನಿಖರವಾಗಿ ನೋಡಬೇಕಾದರೆ ಈ ಜಾತಿಯ ಮಾತ್ರೆ 2 ವಾರ, ಆ್ಯಂಟಿಬಯಾಟಿಕ್ 4 ವಾರ ಬಿಟ್ಟಿರಬೇಕು, ಅದೂ ಡಾಕ್ಟರು ಬಿಡಲಿಕ್ಕೆ ಹೇಳಿದರೆ ಮಾತ್ರ.

ಗ್ರೇಡ್ ಎ ಅಂದರೆ ಅನ್ನನಾಳದ ಪೊರೆಯಲ್ಲಿ 5 ಮಿಲಿಮೀಟರ್ ಮೀರದ ಗೀರು. ಅತಿ ಸಣ್ಣ ದರ್ಜೆ ಅದು. ಅದೊಂದನ್ನೇ ನೋಡಿ ರಿಫ್ಲಕ್ಸ್ ರೋಗ ಖಚಿತ ಅಂತ ಈಗಿನ ತಜ್ಞರ ಒಪ್ಪಂದವೂ ಹೇಳುವುದಿಲ್ಲ. ಬಿ, ಸಿ, ಡಿ ಆದರೆ ಖಚಿತ.

ಕಣಿಪುರ (ಕುಂಬಳೆ)

ಪಯಸ್ವಿನಿ ಅಕ್ಕ ಹೇಳಿದ ಡೈಕ್ಲೋಫೆನಾಕ್ ವಿಷಯ ನೂರಕ್ಕೆ ನೂರು ಸರಿ. ಕಾರಣಗಳ ಬಗ್ಗೆ ಇಷ್ಟು ಸೇರಿಸ್ತೇನೆ.

ಪಿತ್ತಕೋಶ ಇದ್ದಾಗ ಊಟದ ಹೊತ್ತಿಗೆ ಪಿತ್ತ ಒಟ್ಟಾಗಿ ಸುರೀತದೆ. ತೆಗೆದ ಮೇಲೆ ಶೇಖರಿಸಲಿಕ್ಕೆ ಜಾಗ ಇಲ್ಲ, ಹಗಲೂ ರಾತ್ರಿಯೂ ಸಣ್ಣಗೆ ಹರೀತಲೇ ಇರ್ತದೆ. ರಾತ್ರಿ ಖಾಲಿ ಡ್ಯುವೋಡಿನಮ್ಮಿನಲ್ಲಿ ನಿಂತದ್ದು ಹಿಂದಕ್ಕೆ ಬರಲಿಕ್ಕೆ ಅವಕಾಶ ಜಾಸ್ತಿ. ಆದರೆ ಪಿತ್ತಕೋಶ ತೆಗೆಸಿದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಅದೂ ಗೊತ್ತಿರಲಿ. ಶುಗರ್ ಹಳತಾದರೆ ಜಠರ ನಿಧಾನವಾಗಿ ಖಾಲಿಯಾಗ್ತದೆ. ಆಗ ಆಮ್ಲ, ಪಿತ್ತ ಎರಡೂ ಹೆಚ್ಚು ಹೊತ್ತು ನಿಲ್ತವೆ. ಶುಗರಿಗೆ ಸೆಮಾಗ್ಲುಟೈಡ್ ಜಾತಿಯ ಇಂಜೆಕ್ಷನ್ ಇದ್ದರೆ ಅದೂ ಜಠರವನ್ನು ನಿಧಾನ ಮಾಡ್ತದೆ. ಬಿಪಿಗೆ ಅಮ್ಲೋಡಿಪಿನ್ ಇದ್ದರೆ ಮೇಲಿನ ಬಾಗಿಲು ಸಡಿಲ ಆಗಬಹುದು. ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಹತ್ತಿರ ಹೋಗಿ, ಹೆಸರು ನೆನಪಿಟ್ಟು ಹೇಳುವುದಕ್ಕಿಂತ ಅದು ಎಷ್ಟೋ ಮೇಲು.

ಪಿತ್ತದ ತೊಂದರೆ ನಿಜವಾಗಿ ಜೋರಾಗಿರುವುದು ಜಠರದ ಆಪರೇಷನ್ ಆದವರಲ್ಲಿ. ದಕ್ಷಿಣ ಭಾರತದಲ್ಲಿ ಹಿಂದೆ ಡ್ಯುವೋಡಿನಲ್ ಅಲ್ಸರಿಗೆ, ಆಮ್ಲ ತಯಾರಿಸಲಿಕ್ಕೆ ಜಠರವನ್ನು ಪ್ರಚೋದಿಸುವ ವೇಗಸ್ ನರ ಕತ್ತರಿಸಿ, ಜಠರವನ್ನು ಸಣ್ಣಕರುಳಿಗೆ ನೇರವಾಗಿ ಹೊಲಿಯುತ್ತಿದ್ದರು. 1982ರಲ್ಲಿ ವಾರನ್ ಮತ್ತು ಮಾರ್ಷಲ್ ಎಚ್. ಪೈಲೋರಿಯನ್ನು ಪತ್ತೆ ಮಾಡಿದ ಮೇಲೆ ಅಲ್ಸರ್ ಮಾತ್ರೆಯಲ್ಲೇ ವಾಸಿಯಾಗುವಂತಾಯಿತು, ಆ ಆಪರೇಷನ್ನೂ ಅಪರೂಪವಾಯಿತು. ಆದರೆ ಹೊಟ್ಟೆಯ ನಡುವೆ ಉದ್ದದ ಹಳೇ ಗಾಯದ ಗುರುತಿರುವ ಅಜ್ಜಂದಿರು ನಮ್ಮ ಕಡೆ ಈಗಲೂ ಇದ್ದಾರೆ. ಅವರಲ್ಲಿ ಪೈಲೋರಸ್ಸಿನ ಕಾವಲೇ ಇಲ್ಲದ ಇನ್ನೊಂದು ದಾರಿ ತೆರೆದಿರುವ ಕಾರಣ ಪಿತ್ತ ಸೀದಾ ಜಠರಕ್ಕೆ ಬರ್ತದೆ. ಅಂಥವರ ಹಸಿರು ವಾಂತಿಯನ್ನು ‘ಗ್ಯಾಸ್ಟ್ರಿಕ್’ ಅಂತ ತಳ್ಳಿಹಾಕಬಾರದು. ಈಗಿನ ಕಾಲದಲ್ಲಿ ತೂಕ ಇಳಿಸುವ ಬೈಪಾಸ್ ಆಪರೇಷನ್, ಅದರಲ್ಲೂ ‘ಮಿನಿ’ ಬೈಪಾಸ್ ಆದವರೂ ಈ ಸಾಲಿಗೇ ಸೇರ್ತಾರೆ.

ಮಂಜೇಶ್ವರ ಮದ್ದಿನಂಗಡಿ

ಮದ್ದಿನ ವಿಷಯ ನಾನು ಹೇಳ್ತೇನೆ. ಡೋಸ್ ಸಾಮಾನ್ಯ ಪ್ರಮಾಣ ಮಾತ್ರ, ಬದಲಾಯಿಸುವುದು ಬರೆದುಕೊಟ್ಟ ಡಾಕ್ಟರೇ.

ಮೊದಲ ತಪ್ಪು ಇಲ್ಲೇ ಕಾಣ್ತದೆ: ಪ್ಯಾಂಟೊಪ್ರಜೋಲ್ ತಿಂಡಿ ಆದ ಮೇಲೆ. ಈ ಮಾತ್ರೆ ಜಠರದೊಳಗೆ ಬಿದ್ದಲ್ಲೇ ನೇರವಾಗಿ ಕೆಲಸ ಮಾಡುವುದಲ್ಲ; ಕರುಳಿನಲ್ಲಿ ಹೀರಿಕೊಂಡು, ರಕ್ತದ ಮೂಲಕ ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಪಂಪಿಗೆ ಬಂದು ಕೂರಬೇಕು. ಆ ಪಂಪುಗಳು ಚಾಲೂ ಆಗುವುದು ಊಟ ತಾಗಿದಾಗ. ಅದಕ್ಕೇ ತಿಂಡಿಗೆ 30ರಿಂದ 60 ನಿಮಿಷ ಮೊದಲು ನೀರಿನಲ್ಲಿ ನುಂಗಬೇಕು, ಜಗಿಯಬಾರದು, ಪುಡಿ ಮಾಡಬಾರದು. ಉರಿ ಬಂದಾಗ ಮಾತ್ರ ಒಂದು ಗುಳಿಗೆ ನುಂಗುವ ಕ್ರಮಕ್ಕೂ ಪೂರ್ತಿ ಪರಿಣಾಮ ಸಿಗುವುದಿಲ್ಲ. ಸಮಯ ಸರಿಮಾಡಿ 8 ವಾರ ನೋಡದೆ ‘ಆಮ್ಲದ ಮದ್ದು ಹಿಡಿಯಲಿಲ್ಲ, ಹಾಗಾದರೆ ಪಿತ್ತವೇ’ ಅನ್ನುವುದು ಅವಸರದ ತೀರ್ಮಾನ. ಸರಿಯಾಗಿ ತೆಗೆದುಕೊಂಡೂ ಹಿಡಿಯದಿದ್ದರೆ ಪಿತ್ತ ಒಂದು ಸಾಧ್ಯತೆ ಅಷ್ಟೆ. ಅನ್ನನಾಳದ ನರ ಅತಿ ಸೂಕ್ಷ್ಮವಾಗಿರುವುದೂ ಕಾರಣ ಆಗಿರಬಹುದು.

ಪ್ಯಾಂಟೊಪ್ರಜೋಲ್ ಪಿತ್ತವನ್ನು ತಡೆಯುವುದಿಲ್ಲ. ಆದರೂ ಪಿತ್ತ ಇದ್ದವರಿಗೂ ಕೊಡ್ತಾರೆ. ಜಠರದಲ್ಲಿ ಒಟ್ಟು ದ್ರವ ಕಡಿಮೆಯಾಗ್ತದೆ, ಪಿತ್ತದ ಜೊತೆ ಸೇರಿ ಸುಡುವ ಆಮ್ಲವೂ ಕಡಿಮೆಯಾಗ್ತದೆ. ಅದೇ ಲಾಭ.

ಪಿತ್ತಕ್ಕೆ ಬರೆಯುವುದು ಹೆಚ್ಚಾಗಿ ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್, 300 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಊಟದ ಜೊತೆ. ಹೆಸರಿನಲ್ಲಿ ‘ಆ್ಯಸಿಡ್’ ಇದ್ದರೂ ಹೆದರಬೇಡಿ. ಇದೂ ಒಂದು ಪಿತ್ತಾಮ್ಲವೇ, ಆದರೆ ಸೌಮ್ಯದ್ದು. ಪಿತ್ತ ಬರುವುದನ್ನು ನಿಲ್ಲಿಸುವುದಿಲ್ಲ, ಬರುವ ಪಿತ್ತದ ಖಾರ ಕಡಿಮೆ ಮಾಡ್ತದೆ. ಕೆಲವರಿಗೆ ಬೇಧಿ ಆಗ್ತದೆ. ಎರಡನೆಯದ್ದು ಸುಕ್ರಾಲ್‌ಫೇಟ್, 1 ಗ್ರಾಂ, ಖಾಲಿ ಹೊಟ್ಟೆಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಮಲಗುವಾಗ. ಸಿರಪ್ ಆದರೆ ಎಷ್ಟು ಮಿಲಿಯಲ್ಲಿ 1 ಗ್ರಾಂ ಅಂತ ಬಾಟಲಿ ನೋಡಿ ಅಳೆಯಿರಿ, ಮೊದಲು ಚೆನ್ನಾಗಿ ಕುಲುಕಬೇಕು. ಇದು ಗಾಯದ ಮೇಲೆ ಪದರದ ಹಾಗೆ ಅಂಟಿಕೊಳ್ತದೆ, ಪಿತ್ತಲವಣವನ್ನೂ ಹಿಡಿದುಕೊಳ್ತದೆ. ಬೇರೆ ಮಾತ್ರೆಯನ್ನೂ ಹಿಡಿದುಕೊಳ್ತದೆ ಅನ್ನುವುದೇ ತೊಂದರೆ: ಉಳಿದ ಮದ್ದಿಗೆ 2 ಗಂಟೆ ಅಂತರ, ಥೈರಾಯ್ಡ್ ಮಾತ್ರೆಗೆ 4 ಗಂಟೆ. ಮಲಬದ್ಧತೆ ಬರುವುದುಂಟು. ಕಿಡ್ನಿ ತೊಂದರೆ ಇದ್ದವರಿಗೆ ಅಲ್ಯೂಮಿನಿಯಂ ಸೇರುವ ಕಾರಣ ಕೇಳದೆ ಕೊಡುವ ಹಾಗಿಲ್ಲ. ಪಿತ್ತಲವಣವನ್ನು ಹಿಡಿದುಕೊಳ್ಳುವ ಕೊಲೆಸ್ಟೈರಮೀನ್ ಪುಡಿಯನ್ನೂ ಕೆಲವರು ಬರೀತಾರೆ, ಆದರೆ ಜಠರದ ಪಿತ್ತಕ್ಕೆ ಅದರ ಪ್ರಯೋಜನ ಅಷ್ಟಕ್ಕಷ್ಟೆ.

ಈಗ ನಿಮ್ಮ ಡಿಎಸ್‌ಆರ್. ಅದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಸಾಮಾನ್ಯವಾಗಿ 30 ಮಿಲಿಗ್ರಾಂ ಡೊಂಪೆರಿಡೋನ್ ಉಂಟು. ಜಠರ ಬೇಗ ಖಾಲಿಯಾಗಲಿಕ್ಕೆ ಅದು. ಆದರೆ ಹೃದಯದ ಲಯ ಕೆಡಿಸುವ ಸಾಧ್ಯತೆ ಇರುವ ಕಾರಣ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಅದನ್ನು ವಾಂತಿ, ಓಕರಿಕೆಗೆ ಮಾತ್ರ, ಸಾಮಾನ್ಯವಾಗಿ ಒಂದು ವಾರಕ್ಕೆ ಮೀರದ ಹಾಗೆ ಅಂತ ಮಿತಿ ಹಾಕಿತು. ನಮ್ಮಲ್ಲಿ ವರ್ಷಗಟ್ಟಲೆ ನುಂಗುವವರಿದ್ದಾರೆ. ಹೃದಯದ ಕಾಯಿಲೆ ಇದ್ದವರು, ಕ್ಲಾರಿಥ್ರೋಮೈಸಿನ್ ಅಥವಾ ಫಂಗಸ್ ಸೋಂಕಿನ ಮದ್ದಾದ ಫ್ಲುಕೊನಜೋಲ್ ತೆಗೆದುಕೊಳ್ಳುವವರು ಇದನ್ನು ಮುಂದುವರಿಸಬಾರದು. ಹೆಸರಿನ ಕೊನೆಗೆ ‘ಎಲ್’ ಇರುವ ಎಷ್ಟೋ ಕ್ಯಾಪ್ಸೂಲಿನಲ್ಲಿ ಲೆವೋಸಲ್ಪಿರೈಡ್ ಇರ್ತದೆ. ವಯಸ್ಸಾದವರಿಗೆ ತಿಂಗಳುಗಟ್ಟಲೆ ಕೊಟ್ಟರೆ ಕೈ ನಡುಕ, ನಡಿಗೆ ನಿಧಾನ, ಮುಖ ಬಿಗಿಯಾಗುವುದು ಬರಬಹುದು. ಪಾರ್ಕಿನ್ಸನ್ ಅಂತ ತಪ್ಪು ತಿಳಿದು ಅದಕ್ಕೆ ಬೇರೆ ಮದ್ದು ಶುರುವಾಗುವುದೂ ಉಂಟು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ.

ಇನ್ನು, ಪ್ಯಾಂಟೊಪ್ರಜೋಲನ್ನು ಒಮ್ಮೆಲೇ ನಿಲ್ಲಿಸಬೇಡಿ. ಬಹುಕಾಲ ತೆಗೆದುಕೊಂಡವರಿಗೆ ನಿಲ್ಲಿಸಿದ ಕೂಡಲೇ ಆಮ್ಲ ಮೊದಲಿಗಿಂತ ಜಾಸ್ತಿ ಉಕ್ಕಿ ಬರ್ತದೆ, ‘ಮದ್ದು ಇಲ್ಲದೆ ಆಗುವುದೇ ಇಲ್ಲ’ ಅನ್ನಿಸ್ತದೆ. 40ರಿಂದ 20, ಮತ್ತೆ ದಿನ ಬಿಟ್ಟು ದಿನ, ಹೀಗೆ ಇಳಿಸುವುದು ಸುಲಭ. ಮೆಟ್‌ಫಾರ್ಮಿನ್ ಜೊತೆ ವರ್ಷಗಟ್ಟಲೆ ಹೋದರೆ ಬಿ12 ಕಡಿಮೆಯಾಗಬಹುದು, ಎರಡೂ ಮದ್ದು ಅದೇ ಕಡೆಗೆ ಎಳೀತವೆ. ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಪೆರಡಾಲ ಹೊಳೆಬದಿ (ಬದಿಯಡ್ಕ)

ತುಂಬ ಉಪಕಾರ ಆಯಿತು. ಸಮಯ ಇವತ್ತಿಂದಲೇ ಸರಿ ಮಾಡ್ತೇವೆ, ಡೈಕ್ಲೋಫೆನಾಕ್ ಬಗ್ಗೆ ಕೇಳ್ತೇವೆ. ಇನ್ನೆರಡು ಸಂಶಯ. ಪಿತ್ತ ಹೌದಾ ಅಂತ ಖಚಿತ ಮಾಡುವ ಪರೀಕ್ಷೆ ಏನಾದರೂ ಉಂಟಾ? ಮತ್ತೆ, ಬೆಳಿಗ್ಗೆ ಹಲ್ಲುಜ್ಜುವಾಗ ಅಮ್ಮ ಗಂಟಲಿಗೆ ಬೆರಳು ಹಾಕಿ ಹಳದಿ ನೀರು ತೆಗೀತಾರೆ, ‘ಪಿತ್ತ ಹೋದರೆ ಹಗುರ’ ಅಂತ. ಅದು ಸರಿಯಾ?

ಪಯಸ್ವಿನಿ (ಮುಳ್ಳೇರಿಯ)

ಬೆರಳು ಹಾಕುವುದನ್ನು ಇವತ್ತೇ ನಿಲ್ಲಿಸಿ ಮಾರಾಯ್ರೇ. ಲಿವರ್ ಇಡೀ ದಿನ ಪಿತ್ತ ತಯಾರಿಸ್ತದೆ, ಅದನ್ನು ತೆಗೆದು ಮುಗಿಸಲಿಕ್ಕಿಲ್ಲ. ಬಲವಂತವಾಗಿ ಓಕರಿಸಿದಾಗ ಡ್ಯುವೋಡಿನಮ್ಮಿನಲ್ಲಿ ಸುಮ್ಮನೆ ಇದ್ದ ಪಿತ್ತವೂ ಎರಡೂ ಬಾಗಿಲು ದಾಟಿ ಮೇಲೆ ಬರ್ತದೆ. ಅಂದರೆ ಬೇಡ ಅಂತಿರುವ ಕೆಲಸವನ್ನೇ ದಿನಾ ಬೆಳಿಗ್ಗೆ ಮಾಡಿಸಿದ ಹಾಗಾಯಿತು. ಜೋರಾಗಿ ಓಕರಿಸಿ ಅನ್ನನಾಳದ ತುದಿ ಹರಿದು ರಕ್ತ ಬಂದದ್ದೂ ಉಂಟು. ನಾಲಿಗೆಯ ಹಿಂಭಾಗದವರೆಗೆ ಬ್ರಶ್ ತೂರಿಸದೆ ಮುಂದಿನ ಭಾಗ ಮಾತ್ರ ತಿಕ್ಕಿದರೆ ಓಕರಿಕೆಯೇ ಬರುವುದಿಲ್ಲ.

ಪರೀಕ್ಷೆ ಎರಡು ಇವೆ. ಒಂದು ಹೈಡಾ ಸ್ಕ್ಯಾನ್, ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ದೊಡ್ಡ ಆಸ್ಪತ್ರೆಯಲ್ಲಿ. ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು ಸೇರಿಸಿದ ಮದ್ದನ್ನು ರಕ್ತನಾಳಕ್ಕೆ ಕೊಡ್ತಾರೆ. ಲಿವರ್ ಅದನ್ನು ಪಿತ್ತದ ಜೊತೆ ಹೊರಹಾಕ್ತದೆ. ಕ್ಯಾಮೆರಾ ಒಂದು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಜಾಡು ಹಿಡೀತದೆ. ಡ್ಯುವೋಡಿನಮ್ಮಿನಿಂದ ಕೆಳಗೆ ಹೋಗಬೇಕಾದ್ದು ಜಠರದ ಕಡೆ ತಿರುಗಿದರೆ ಚಿತ್ರದಲ್ಲೇ ಕಾಣ್ತದೆ. ಪಿತ್ತಕೋಶ ಇಲ್ಲದವರಿಗೂ ಮಾಡಬಹುದು. ಕನಿಷ್ಠ 4 ಗಂಟೆ ಉಪವಾಸ ಬೇಕು. ಟ್ರಮಡೋಲ್ ತರಹದ ನೋವಿನ ಮದ್ದು ತೆಗೆದುಕೊಂಡಿದ್ದರೆ ಮೊದಲೇ ಹೇಳಬೇಕು.

ಇನ್ನೊಂದು 24 ಗಂಟೆಯ ಪಿಎಚ್-ಇಂಪೀಡೆನ್ಸ್. ಮೂಗಿನ ಮೂಲಕ ಅನ್ನನಾಳಕ್ಕೆ ತೆಳು ತಂತಿ, ಸೊಂಟಕ್ಕೆ ಒಂದು ರೆಕಾರ್ಡರ್. ಆಮ್ಲ ಎಷ್ಟು ಸಲ ಬಂತು, ಆಮ್ಲ ಅಲ್ಲದ ದ್ರವ ಎಷ್ಟು ಸಲ ಬಂತು ಎರಡನ್ನೂ ಇದು ಬೇರೆ ಮಾಡಿ ತೋರಿಸ್ತದೆ, ಆದರೆ ಆ ದ್ರವ ಪಿತ್ತವೇ ಅಂತ ಹೇಳುವುದಿಲ್ಲ. ಇಡೀ ದಿನದಲ್ಲಿ ಅನ್ನನಾಳ ಆಮ್ಲದಲ್ಲಿದ್ದ ಹೊತ್ತು ಶೇಕಡ 4ಕ್ಕಿಂತ ಕಡಿಮೆಯಾದರೆ ಸಹಜ, 6 ದಾಟಿದರೆ ರಿಫ್ಲಕ್ಸ್ ಖಚಿತ. ಆ ದಿನ ಮನೆಯಲ್ಲಿ ತಿನ್ನುವುದನ್ನೇ ತಿನ್ನಬೇಕು, ಎಂದಿನಂತೆಯೇ ಮಲಗಬೇಕು. ಹೆದರಿ ಬರೀ ಗಂಜಿ ಕುಡಿದು ಕೂತರೆ ರಿಪೋರ್ಟ್ ಚಂದ ಬರ್ತದೆ, ಕಾಯಿಲೆ ಮಾತ್ರ ಸಿಗುವುದಿಲ್ಲ.

ಇವೆರಡೂ ಈಗಲೇ ಬೇಕಾಗಿಲ್ಲ. ಬಯಾಪ್ಸಿ ಬರಲಿ, ಡೈಕ್ಲೋಫೆನಾಕ್ ನಿಲ್ಲಲಿ, ಮಾತ್ರೆಯ ಸಮಯ ಸರಿಯಾಗಲಿ. ಮತ್ತೂ ಉಳಿದರೆ ಕೇಳುವ.

ಎಡನಾಡು ತೋಟ

ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಕೊಬ್ಬು ಜಾಸ್ತಿಯಾದರೆ ಜಠರ ನಿಧಾನವಾಗಿ ಖಾಲಿಯಾಗ್ತದೆ, ಮೇಲಿನ ಬಾಗಿಲು ಸಡಿಲ ಆಗ್ತದೆ, ಪಿತ್ತವೂ ಹೆಚ್ಚು ಸುರೀತದೆ. ಹಾಗಾಗಿ ಎರಡಕ್ಕೂ ಸಮಾನ ಶತ್ರು ಕರಿದದ್ದು. ಹಲಸಿನ ಸೋಂಟೆ, ಹಪ್ಪಳ ರಾತ್ರಿ ಬೇಡ. ಪುನರ್ಪುಳಿ ಸಾರು ಹುಳಿಯದ್ದು. ಎದೆಯುರಿ ಇರುವವರಿಗೆ ಅದೂ ಉರಿಸೀತು, ಪಿತ್ತ ಶಮನ ಅಂತ ಲೋಟಗಟ್ಟಲೆ ಕುಡಿಯಬೇಡಿ. ಕುಚ್ಚಿಲಕ್ಕಿ ಗಂಜಿ ಒಳ್ಳೆಯದೇ, ಆದರೆ ರಾತ್ರಿ ಒಂಬತ್ತೂವರೆಗೆ ದೊಡ್ಡ ಬಟ್ಟಲು ತುಂಬ ಕುಡಿದು ಹತ್ತಕ್ಕೆ ಮಲಗಿದರೆ ಪ್ರಯೋಜನ ಇಲ್ಲ. ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ. ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರು ಅದನ್ನು ಬಿಡಲೇಬೇಕು. ಮಧ್ಯಾಹ್ನ ಉಂಡ ಕೂಡಲೇ ಬಗ್ಗಿ ಅಡಿಕೆ ಹೆಕ್ಕುವುದು, ಸೋಗೆ ಎಳೆಯುವುದು ಬೇಡ. ಉರಿಗೆ ಅಡುಗೆ ಸೋಡಾ ಕದಡಿ ಕುಡಿಯುವ ಕ್ರಮವೂ ಉಂಟಲ್ಲ: ಅರ್ಧ ಟೀ ಚಮಚದಲ್ಲೇ 600 ಮಿಲಿಗ್ರಾಂ ಮೀರಿ ಸೋಡಿಯಂ, ಬಿಪಿ ಇದ್ದವರಿಗೆ ಒಳ್ಳೆಯದಲ್ಲ, ಪಿತ್ತಕ್ಕಂತೂ ಏನೂ ಮಾಡುವುದಿಲ್ಲ.

ಮಂಚದ ತಲೆಯ ಕಡೆಯ ಕಾಲು 15ರಿಂದ 20 ಸೆಂಟಿಮೀಟರ್ ಎತ್ತರ ಮಾಡಿ. ದಿಂಬು ಒಂದರ ಮೇಲೊಂದು ಇಟ್ಟರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚಾಗ್ತದೆ, ಉಲ್ಟಾ ಪರಿಣಾಮ. ಮುರಕಲ್ಲಿನ ತುಂಡು ಇಡುವವರಿದ್ದಾರೆ. ಅದು ಅಂಚು ಉದುರಿ ಕಾಲು ಜಾರ್ತದೆ. ಮರದ ಗಟ್ಟಿಯಲ್ಲಿ ಮಂಚದ ಕಾಲು ಕೂರುವಷ್ಟು ಗುಳಿ ತೋಡಿಸಿದರೆ ಅಲುಗುವುದಿಲ್ಲ. ಎಡಮಗ್ಗುಲಿಗೆ ಮಲಗಲಿ.

ಕಣಿಪುರ (ಕುಂಬಳೆ)

ಕಾಯದೆ ಆಸ್ಪತ್ರೆಗೆ ಹೋಗಬೇಕಾದವು: ರಕ್ತ ವಾಂತಿ ಅಥವಾ ಕಾಫಿ ಪುಡಿಯಂಥ ವಾಂತಿ, ಟಾರಿನಂಥ ಕಪ್ಪು ಮಲ, ನುಂಗುವಾಗ ಸಿಕ್ಕಿಕೊಳ್ಳುವುದು. ತೂಕ ತಾನಾಗಿ ಇಳಿದರೂ ತಡಮಾಡಬೇಡಿ. ಹಸಿರು ವಾಂತಿಯ ಜೊತೆ ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರಬಹುದು, ಅದು ರಿಫ್ಲಕ್ಸ್ ಅಲ್ಲ. ನವಜಾತ ಶಿಶು ಹಸಿರು ವಾಂತಿ ಮಾಡಿದರೆ ಒಂದು ಗಂಟೆಯೂ ಕಾಯಬಾರದು. ಶುಗರ್ ಇರುವವರಿಗೆ ಹೃದಯದ ನೋವೂ ಎದೆಯುರಿಯ ಹಾಗೆಯೇ ಬರಬಹುದು. ಹೊಸದಾಗಿ ಬಂದ ಉರಿಗೆ ಬೆವರು, ಏದುಸಿರು ಸೇರಿದರೆ ಮೊದಲು ಇಸಿಜಿ.

ಆಪರೇಷನ್ ಬಗ್ಗೆ ಯಾರಾದರೂ ಹೇಳಿದರೆ: ಪಿತ್ತವನ್ನು ಜಠರದಿಂದ ದೂರ ತಿರುಗಿಸುವ ರೂ-ಎನ್-ವೈ ಜೋಡಣೆ ಇರುವುದು ಮುಖ್ಯವಾಗಿ ಮೊದಲೇ ಜಠರದ ಆಪರೇಷನ್ ಆಗಿ, ಮದ್ದಿಗೆ ಬಗ್ಗದೆ, ಪರೀಕ್ಷೆಯಲ್ಲೂ ಖಚಿತವಾದವರಿಗೆ. ನಿಮ್ಮ ಅಮ್ಮನ ರಿಪೋರ್ಟಿಗೆ ಅದು ಚರ್ಚೆಯ ವಿಷಯವೇ ಅಲ್ಲ. ಬಯಾಪ್ಸಿ ಬಂದ ಮೇಲೆ ಅದರ ಸಾಲು ಇಲ್ಲಿ ಹಾಕಿ, ಹೆಸರು, ಆಸ್ಪತ್ರೆ ನಂಬರ್ ಅಳಿಸಿ.